ದೊಡ್ಡ ಕಾರಿನಲ್ಲಿದ್ದ ಜಾಗ

ನನ್ನ ಕಾರಿಗೆ ಶಾಲೆಯಲ್ಲಿ ಇಟ್ಟ ಹೆಸರು ಬೆಂಕಿಪೊಟ್ಟಣ. ಹೊಸಪೇಟೆಯಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆಯ ಹೆಡ್‌ಮಾಸ್ತರರು ಬೆಳಿಗ್ಗೆ ಗೇಟಿನ ಹತ್ತಿರ ನಿಂತು, "ಏನ್ ಟೀಚರ್, ಕಾರಿನ್ಯಾಗ ಕುಂತ್ ಬಂದ್ರೋ, ಕಾರ್ ಉಟ್ಕೊಂಡ್ ಬಂದ್ರೋ?" ಎಂದು ಕೇಳುವವರು. ದಿನಾ ಅದೇ ಮಾತು, ದಿನಾ ಅದೇ ನಗು. "ಉಟ್ಕೊಂಡ್ ಬಂದೀನ್ರಿ ಸರ, ಇಸ್ತ್ರಿ ಮಾಡಿಸಬೇಕು" ಎಂದು ನಾನೂ ದಿನಾ ಅದೇ ಉತ್ತರ ಕೊಡುತ್ತಿದ್ದೆ. ಮಕ್ಕಳು ನಗಲಿ ಎಂದು ಅವರು ಕೇಳುತ್ತಿದ್ದರು, ಮಾತು ಬೇಗ ಮುಗಿಯಲಿ ಎಂದು ನಾನು ಹೇಳುತ್ತಿದ್ದೆ.

ನಾನು ಕುಳ್ಳಿ. ಬಸ್ಸಿನಲ್ಲಿ ಮೇಲಿನ ಕಂಬಿ ಕೈಗೆ ಸಿಗದ ಜಾತಿ. ಹಾಗಾಗಿ ಸಣ್ಣ ಕಾರು ಯಾಕೆ ಎಂದು ಕೇಳಿದವರಿಗೆ ಹೇಳಲು ನನ್ನ ಹತ್ತಿರ ಒಳ್ಳೊಳ್ಳೆಯ ಕಾರಣಗಳಿವೆ. ಸಣ್ಣ ಕಾರಿನಲ್ಲಿ ಕೂತರೆ ನಾಲ್ಕು ಮೂಲೆಗಳೂ ಕಾಣುತ್ತವೆ. ಬಾನೆಟ್ ಎಲ್ಲಿ ಮುಗಿಯಿತು, ರಸ್ತೆ ಎಲ್ಲಿ ಶುರುವಾಯಿತು ಎಂದು ಅಂದಾಜು ಹಾಕುತ್ತ ಕೂರಬೇಕಾಗಿಲ್ಲ. ಕ್ಲಚ್ಚು ತಾನಾಗಿ ಕಾಲಿಗೆ ಸಿಗುತ್ತದೆ. ಬಜಾರಿನಲ್ಲಿ ಎದುರಿಗೆ ಆಟೋ, ಹಿಂದೆ ಬಸ್ಸು, ಪಕ್ಕದಲ್ಲಿ ಬದನೆಕಾಯಿ ಬುಟ್ಟಿ ಇದ್ದರೂ ಒಂದೇ ಸಲಕ್ಕೆ ತಿರುಗಿಸಿಕೊಂಡು ಬರಬಹುದು. ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳು ಸಾಲಾಗಿ ಬಂದರೆ ಮೈ ಸಣ್ಣದು ಮಾಡಿಕೊಂಡು ಬದಿಗೆ ನಿಂತುಬಿಡಬಹುದು. ಹಂಪಿಗೆ ಯಾರನ್ನಾದರೂ ಕರೆದುಕೊಂಡು ಹೋದರೆ, ದೊಡ್ಡ ಗಾಡಿಯವರು ದೂರ ನಿಲ್ಲಿಸಿ ಬಿಸಿಲಲ್ಲಿ ನಡೆದು ಬರುವಾಗ ನಾನು ಯಾವುದೋ ಬಂಡೆಯ ನೆರಳಿಗೆ ಕಾರನ್ನು ತೂರಿಸಿ ಇಳಿದಿರುತ್ತೇನೆ. ದೊಡ್ಡ ಕಾರಿನವರು ಕಾರು ಓಡಿಸುವುದಿಲ್ಲ, ಅದರ ಕಾಲು ಹಿಡಿದು ಬೇಡಿಕೊಳ್ಳುತ್ತಾರೆ ಎಂಬುದು ನನ್ನ ಅಭಿಪ್ರಾಯ. ಈ ವಿಷಯದಲ್ಲಿ ನನ್ನ ಜೊತೆ ವಾದಕ್ಕೆ ಇಳಿದವರು ಯಾರೂ ಗೆದ್ದು ಹೋಗಿಲ್ಲ.

ಇಷ್ಟನ್ನೂ ಕೇಳಿದವರಿಗೆಲ್ಲ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಒಂದನ್ನು ಮಾತ್ರ ಹೇಳಿಲ್ಲ. ಅದು ನಮ್ಮ ಮನೆಗೆ ಬಂದ ದೊಡ್ಡ ಕಾರಿಗೆ ಸೇರಿದ್ದು, ಮತ್ತು ನಮ್ಮ ಅಕ್ಕನಿಗೆ.

ನಮ್ಮದು ಬುಕ್ಕಸಾಗರ. ಕಾಲುವೆ ನೀರಿಗೆ ಎರಡು ಬೆಳೆ ಬತ್ತ, ಮೇಲಿನ ಹೊಲಕ್ಕೆ ಕಬ್ಬು. ನಾನು ಸಣ್ಣವಳಿದ್ದಾಗ ಮಣ್ಣಿನ ಮಾಳಿಗೆ ಇದ್ದ ಮನೆಗಳಿಗೆ ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಸಿಮೆಂಟಿನ ಮಾಡು ಬಂದಿತ್ತು. ಮೊದಲು ರೇಡಿಯೋ, ಆಮೇಲೆ ಟ್ರ್ಯಾಕ್ಟರು. ಟ್ರ್ಯಾಕ್ಟರು ನಾಲ್ಕು ಮನೆಗೆ ಬಂದ ಮೇಲೆ ಅದಕ್ಕೆ ಬೆಲೆ ಹೋಯಿತು. ಆಗ ಅಪ್ಪ ಸಂಡೂರಿನ ಒಬ್ಬ ಗಣಿ ಕಂಟ್ರಾಕ್ಟರನಿಂದ ಹಳೇ ಕಾರು ತಂದ. ಆ ಕಾಲದಲ್ಲಿ ದೊಡ್ಡ ಕಾರೆಂದರೆ ಎಲ್ಲರಿಗೂ ಗೊತ್ತಿದ್ದ ಒಂದೇ ಒಂದು ಕಾರು, ಗುಂಡು ಬೆನ್ನು, ಗುಂಡು ಹೊಟ್ಟೆ, ಮುಂದೂ ಹಿಂದೂ ಮಂಚದಂಥ ಸೀಟು. ಅವ್ವ ಆರತಿ ಎತ್ತಿದಳು, ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟಳು. ಸೀಟಿನ ಹೊಲಿಗೆ ಸಂದಿಯಲ್ಲಿ ಗಣಿಯ ಕೆಂಪು ಧೂಳು ಕೂತಿತ್ತು. ಎಷ್ಟು ಒರೆಸಿದರೂ ಹೋಗಲಿಲ್ಲ. ಬಿಳಿ ಸೀರೆ ಉಟ್ಟು ಕೂತವರು ಕೆಂಪು ಹಿಂಭಾಗ ಹೊತ್ತು ಇಳಿಯುತ್ತಿದ್ದರು, ಅಪ್ಪ ಅದನ್ನು ನೋಡದವನಂತೆ ಆಕಾಶ ನೋಡುತ್ತಿದ್ದ.

ಊರಿಗೆ ಕಾರು ಹೊಸದು, ಆದರೆ ನಮ್ಮವರ ಪದ್ಧತಿ ಗಾಡಿಯದೇ. ಎತ್ತಿನ ಗಾಡಿ ಹೊಡೆದುಕೊಂಡು ಹೋಗುವವನು ದಾರಿಯಲ್ಲಿ ಊರಿನವರು ಕಂಡರೆ ಹತ್ತಿಸಿಕೊಳ್ಳಬೇಕು. ಹತ್ತಿಸಿಕೊಳ್ಳದೆ ಹೋದರೆ ಅವನ ಮನೆತನದ ಮೇಲೆ ಮಾತು ಬರುತ್ತದೆ. ಗಾಡಿಗೆ ಇದು ಸರಿ. ಗಾಡಿ ನಿಂತರೆ ಎತ್ತಿಗೂ ಉಸಿರು ಬರುತ್ತದೆ, ಯಾರಿಗೂ ಅವಸರ ಇರುವುದಿಲ್ಲ. ಆದರೆ ಅದೇ ಲೆಕ್ಕ ಕಾರಿಗೂ ಬಂತು. ಹೊಸಪೇಟೆಗೆ ಹೊರಟರೆ ಅಗಸಿ ಬಾಗಿಲು ದಾಟುವುದರೊಳಗೆ ಮೂರು ಮಂದಿ ಹತ್ತುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಕಿಟಕಿಯಿಂದ ಒಳಗೆ ಬಗ್ಗಿ ನೋಡಿ, "ಜಾಗ ಐತಲ್ಲ" ಎಂದು ಬಾಗಿಲು ತೆಗೆಯುತ್ತಿದ್ದರು. ಇಡೀ ಕಾರು ಕೋಳಿಬುಟ್ಟಿಯಂತಾದರೂ ಇನ್ನೊಬ್ಬರಿಗೆ ಜಾಗ ಇದ್ದೇ ಇರುತ್ತಿತ್ತು. ಅಪ್ಪನಿಗೆ ಅದೇ ಹೆಮ್ಮೆ. ತುಂಬಿದ ಕಾರೆಂದರೆ ತುಂಬಿದ ಮನೆ ಇದ್ದಂತೆ ಎನ್ನುತ್ತಿದ್ದ.

ಬಂಡ್ರಿಯಿಂದ ಬಂದ ಡ್ರೈವರ್ ಒಬ್ಬ ಒಂದು ವರ್ಷ ಇದ್ದ. ಮನೆಯಲ್ಲಿ ಗಂಡು ಮಕ್ಕಳಿರಲಿಲ್ಲ, ಅಕ್ಕ ಮತ್ತು ನಾನು ಇಬ್ಬರೇ. ಡ್ರೈವರ್ ಯಾವತ್ತಾದರೂ ಅದಿರು ಲಾರಿಗೆ ಹೋಗಿಬಿಡುತ್ತಾನೆ ಎಂದು ಅಪ್ಪನಿಗೆ ಗೊತ್ತಿತ್ತು. ತಾನು ಕಲಿಯಲು ನೋಡಿದ, ಆಗಲಿಲ್ಲ. ನಿಲ್ಲಿಸಬೇಕಾದಾಗ ಬ್ರೇಕು ಒತ್ತುವ ಬದಲು ಎತ್ತಿಗೆ ಅಂದಂತೆ "ಹೋ, ಹೋ" ಎನ್ನುತ್ತಿದ್ದ. ಹುಲ್ಲಿನ ಬಣವೆಯೊಂದು ಅವನ ಕಲಿಕೆಯನ್ನು ಮುಗಿಸಿತು. ಆಮೇಲೆ, "ಇಕಿಗೆ ಕಲಸು" ಎಂದು ನನ್ನನ್ನು ತೋರಿಸಿದ. ನನಗಾಗ ಹತ್ತೊಂಬತ್ತು.

ಕಲಿತದ್ದು ಕಾಲುವೆ ಏರಿಯ ಮೇಲೆ. ಒಂದು ಕಡೆ ನೀರು, ಒಂದು ಕಡೆ ಗದ್ದೆ, ನಡುವೆ ಒಂದೇ ಗಾಡಿಗೆ ಆಗುವಷ್ಟು ಮಣ್ಣಿನ ದಾರಿ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಕಿಕೊಂಡರೆ ನನಗೆ ರಸ್ತೆ ಕಾಣುತ್ತಿತ್ತು, ಆದರೆ ಕಾಲು ಎಟುಕುತ್ತಿರಲಿಲ್ಲ. ಕೌದಿ ತೆಗೆದರೆ ಕಾಲು ಎಟುಕುತ್ತಿತ್ತು, ರಸ್ತೆ ಕಾಣುತ್ತಿರಲಿಲ್ಲ. ಕೊನೆಗೆ ಕೆಳಗೆ ಕೌದಿ, ಬೆನ್ನಿಗೆ ತಲೆದಿಂಬು ಇಟ್ಟುಕೊಂಡು ತುದಿಯಲ್ಲಿ ಕೂತು ಓಡಿಸಿದೆ. ಸ್ಟೇರಿಂಗ್ ತಿರುಗಿಸಲು ಇಡೀ ಮೈ ಹಾಕಬೇಕಿತ್ತು. ಎಡಗಡೆಯ ಗಾಲಿ ಎಲ್ಲಿದೆ ಎಂದು ನನಗೆ ಯಾವತ್ತೂ ಕಾಣಲಿಲ್ಲ. "ಎಡಗಾಲಿ ಎಲ್ಲೈತಿ ಅಂತ ಮನಸಿನ್ಯಾಗ ಇಟ್ಕೋಬೇಕ್ರಿ ಅಕ್ಕಾರ" ಎಂದು ಡ್ರೈವರ್ ಹೇಳುತ್ತಿದ್ದ. ನನ್ನ ಮನಸ್ಸಿನಲ್ಲಿ ಅದು ನಿಲ್ಲುತ್ತಿರಲಿಲ್ಲ.

ಅದನ್ನು ಇಟ್ಟುಕೊಂಡವಳು ಅಕ್ಕ. ನನಗಿಂತ ಮೂರು ವರ್ಷ ದೊಡ್ಡವಳು. ಮುಂದಿನ ಸೀಟಿನ ಎಡತುದಿಯಲ್ಲಿ ಕೂತು, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕೆಳಗೆ ನೋಡುತ್ತ, "ಒಂದ್ ಮಳ ಐತಿ ಲೇ... ಒಂದ್ ಗೇಣು ಐತಿ... ನಾಕ ಬೆರಳು, ನಾಕ ಬೆರಳು, ಬಲಕ್ಕ ತಗೋ" ಎಂದು ಕೂಗುತ್ತಿದ್ದಳು. ಗಾಳಿಗೆ ಜಡೆ ಬಿಚ್ಚಿಹೋಗುತ್ತಿತ್ತು. ಡ್ರೈವರ್ ಬಿಟ್ಟು ಹೋದ ಮೇಲೂ ನಾವಿಬ್ಬರೂ ಹಾಗೆಯೇ ಓಡಿಸಿದೆವು. ಬಲಗಡೆ ನನ್ನದು, ಎಡಗಡೆ ಅವಳದು. ನನಗೆ ಕಾರು ಓಡಿಸಲು ಬರುತ್ತದೆ ಎಂದು ಊರು ತಿಳಿದುಕೊಂಡಿತ್ತು. ನನಗೆ ಬರುತ್ತಿದ್ದದ್ದು ಅರ್ಧ ಕಾರು.

ಅಕ್ಕನನ್ನು ಕಂಪ್ಲಿಗೆ ಕೊಟ್ಟರು. ಒಳ್ಳೆಯ ಮನೆ, ಬಾಳೆ, ಬತ್ತ, ಮನೆ ತುಂಬ ಮಂದಿ. ಚೊಚ್ಚಲ ಹೆರಿಗೆಗೆ ಕರೆದುಕೊಂಡು ಬರಲು ಏಳನೇ ತಿಂಗಳಲ್ಲಿ ಕಾರು ಹೋಯಿತು. ಅಕ್ಕನ ಅತ್ತೆ ಬಾಗಿಲಲ್ಲಿ ನಿಂತು, "ಕಾರ್ ತಂದು ಕರ್ಕೊಂಡು ಹೊಂಟೀರಿ, ಸಂತೋಷ. ಹೆರಿಗಿ ಟೈಮಿಗೆ ಅದ ಕಾರ್ ನಮ್ಮ ಬಾಗಿಲಿಗೂ ಬರಲಿ. ಎಲ್ಲಾ ಮುಗಿದ್ ಮ್ಯಾಲೆ ಸುದ್ದಿ ಕಳಸಬ್ಯಾಡ್ರಿ" ಎಂದಳು. ನಗುತ್ತಲೇ ಹೇಳಿದಳು. ಅವ್ವ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದಳು. ಬಸ್ಸಿನಲ್ಲಿ ಹೋಗಿದ್ದರೆ ಆ ಮಾತು ಹುಟ್ಟುತ್ತಿರಲಿಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅಕ್ಕನಿಗೆ ದಿನ ತುಂಬಿದಾಗ ಕಬ್ಬು ಕಡಿಯುವ ಕಾಲ. ಅಪ್ಪ ನಮ್ಮ ಗಾಡಿಗಳ ಜೊತೆ ಹೊಸಪೇಟೆಗೆ ಹೋಗಿ ಸಕ್ಕರೆ ಕಾರ್ಖಾನೆಯ ಮುಂದೆ ಪಾಳಿಗೆ ನಿಂತು ಎರಡು ದಿನವಾಗಿತ್ತು. ಅಕ್ಕನಿಗೆ ಬೆಳಗಿನ ಜಾವ ನೋವು ಶುರುವಾಯಿತು. ಹೊತ್ತೇರಿದ ಮೇಲೆ ಸೂಲಗಿತ್ತಿ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, "ಕೂಸು ಅಡ್ಡ ಬಿದ್ದೈತಿ. ನನ್ನ ಕೈಲಿ ಆಗೂದಲ್ಲ. ಹೊಸಪೇಟಿ ದವಾಖಾನಿಗೆ ಒಯ್ರಿ, ಜಲ್ದಿ ಒಯ್ರಿ" ಎಂದಳು.

ನಾನು ಕಾರು ತೆಗೆದೆ. ಕೌದಿ, ತಲೆದಿಂಬು ಹಾಕಿಕೊಂಡೆ. ಅಕ್ಕನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು, ತಲೆ ಅವ್ವನ ತೊಡೆಯ ಮೇಲೆ. ಮಲಗಲು ಬೇಕಾದಷ್ಟು ಜಾಗವಿತ್ತು. ಆ ಕಾರಿನ ಬಗ್ಗೆ ನಾನು ಒಳ್ಳೆಯ ಮಾತು ಹೇಳುವುದಾದರೆ ಅದೊಂದೇ. ಅಷ್ಟರಲ್ಲಿ ನಮ್ಮ ಚಿಗವ್ವ, ಅವ್ವನ ತಂಗಿ, ಎದುರಿಗೆ ಬಂದು ನಿಂತಳು. "ಮೂರು ಮಂದಿ ಹೊರಡಬಾರದು. ನಿಲ್ಲು, ನಾನೂ ಬರ್ತೀನಿ." ನಮ್ಮಲ್ಲಿ ಒಳ್ಳೆಯ ಕೆಲಸಕ್ಕೆ ಮೂರು ಮಂದಿ ಹೊರಡುವುದಿಲ್ಲ. ಅವಳು ಹತ್ತಿದಳು, ನಾಲ್ಕಾಯಿತು. ದಾರಿಯಲ್ಲಿ ಬೇಕಾದೀತು ಎಂದು ಸೂಲಗಿತ್ತಿಯೂ ಹತ್ತಿದಳು. ಅಗಸಿಯ ಹತ್ತಿರ ಪಕ್ಕದ ಮನೆಯಾಕೆ ಹೊಸಪೇಟೆಯ ಅಣ್ಣನ ಮನೆಗೆಂದು ಬುಟ್ಟಿ ಹಿಡಿದು ನಿಂತಿದ್ದಳು. ಒಳಗೆ ಬಗ್ಗಿ ನೋಡಿದಳು. ಅಕ್ಕನ ಮುಖ ನೋಡಿ ಅಯ್ಯೋ ಎಂದಳು, ಕಣ್ಣಿಗೆ ಸೆರಗು ಹಚ್ಚಿಕೊಂಡಳು, ಆಮೇಲೆ ಮುಂದಿನ ಬಾಗಿಲು ತೆಗೆದು ಬುಟ್ಟಿ ಸಮೇತ ಹತ್ತಿದಳು.

ಊರಿನ ದಾರಿ ಕಂಪ್ಲಿ–ಹೊಸಪೇಟೆ ರಸ್ತೆಗೆ ಸೇರುವಲ್ಲಿ ಒಂದು ಬೇವಿನ ಮರ. ಎಡಕ್ಕೆ ಕಂಪ್ಲಿ, ಬಲಕ್ಕೆ ಹೊಸಪೇಟೆ. ನಾನು ಬಲಕ್ಕೆ ತಿರುಗಿಸಲು ಸ್ಟೇರಿಂಗಿಗೆ ಮೈ ಹಾಕಿದೆ. ಹಿಂದಿನಿಂದ ಅವ್ವ, "ಎಡಕ್ಕ ತಗೋ" ಎಂದಳು.

"ಯಾಕವ್ವ?"

"ಕಂಪ್ಲಿಗೆ ಹೋಗಿ ಬೀಗತಿನ್ನ ಕರ್ಕೊಂಡು ಹೋಗೂಣ. ಅಕಿನ್ನ ಬಿಟ್ಟು ದವಾಖಾನಿಗೆ ಹಾಕಿದ್ರ ನಾಳೆ ಇಕಿ ಆ ಮನಿಯಾಗ ಹೆಂಗ ಬಾಳೇ ಮಾಡಬೇಕು? ಹೋಗಿ ಬರೂದು ಎಷ್ಟೊತ್ತು. ಕಾರ್ ಐತಿ, ಜಾಗ ಐತಲ್ಲ."

ಅವ್ವ ಕೆಟ್ಟವಳಲ್ಲ, ದಡ್ಡಿಯೂ ಅಲ್ಲ. ಅಕ್ಕ ಗಟ್ಟಿಯಾಗಿ ಬದುಕಿ ಬಂದು, ಮುಂದಿನ ನಲವತ್ತು ವರ್ಷ ಆ ಮನೆಯಲ್ಲಿ ತಲೆ ಎತ್ತಿಕೊಂಡು ಇರಬೇಕು ಎಂದು ಅವಳು ಯೋಚಿಸುತ್ತಿದ್ದಳು. ನಲವತ್ತು ವರ್ಷದ ಕಡೆ ನೋಡುತ್ತ ಮುಂದಿನ ಎರಡು ತಾಸು ಅವಳಿಗೆ ಕಾಣಲಿಲ್ಲ. ನನಗೆ ಕಂಡಿತ್ತು. ಜಲ್ದಿ ಒಯ್ರಿ ಎಂದ ಸೂಲಗಿತ್ತಿಯ ಮುಖ ಕನ್ನಡಿಯಲ್ಲಿ ಕಾಣುತ್ತಿತ್ತು. ಅವಳೂ ಮಾತಾಡಲಿಲ್ಲ, ಬೀಗರ ವಿಷಯದಲ್ಲಿ ಹೊರಗಿನವರು ಬಾಯಿ ಹಾಕುವ ಹಾಗಿಲ್ಲ. ಚಿಗವ್ವ, "ಹೌದೌದು, ಅದೂ ಖರೆ" ಎಂದಳು. ಅಕ್ಕ ಕಣ್ಣು ಮುಚ್ಚಿಕೊಂಡೇ, "ಎಷ್ಟೊತ್ತು ಲೇ?" ಎಂದು ನನ್ನನ್ನು ಕೇಳಿದಳು. "ಬಂದ್ವಿ ಅಕ್ಕ" ಎಂದೆ. ಎಡಕ್ಕೆ ತಿರುಗಿಸಿದೆ.

ಕಂಪ್ಲಿಯಲ್ಲಿ ಅಕ್ಕನ ಅತ್ತೆ ಪೂಜೆಗೆ ಕೂತಿದ್ದಳು. ಪೂಜೆ ಮುಗಿಯಬೇಕು. ಮುಗಿದ ಮೇಲೆ ಆಸ್ಪತ್ರೆಗೆ ಹೋಗಲು ಬೇರೆ ಸೀರೆ ಉಡಬೇಕು. ಭಾವ ಹಂಪಿ ಕಡೆಯ ಬಾಳೆ ತೋಟಕ್ಕೆ ಹೋಗಿದ್ದ, ಅವನಿಗೆ ಹೇಳಿ ಕಳಿಸಬೇಕು. ಬಾಗಿಲಿಗೆ ಬಂದ ಬೀಗರನ್ನು ಒಣಬಾಯಿಯಲ್ಲಿ ಕಳಿಸಬಾರದು. ಕಾರಿನ ಕಿಟಕಿಯಿಂದ ಚಹಾದ ಲೋಟಗಳು ಒಳಗೆ ಬಂದವು. ಅವ್ವ ಬೇಡ ಎನ್ನಲಾರದೆ ಎರಡು ಗುಟುಕು ಕುಡಿದಳು, ಅಕ್ಕನ ತಲೆ ತೊಡೆಯ ಮೇಲೆ ಇರುವಾಗಲೇ. ಆಮೇಲೆ ಅರಿಶಿನ ಕುಂಕುಮ. ನಾನು ಹಾರ್ನಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಒತ್ತಲಿಲ್ಲ. ಬೀಗರ ಮನೆಯ ಮುಂದೆ ಹಾರ್ನ್ ಒತ್ತಿದಳು ಎಂಬ ಮಾತು ನಾಳೆ ಅಕ್ಕನ ಮೇಲೆ ಬರಬಾರದಲ್ಲ. ನನ್ನ ತಲೆಯೂ ಅವ್ವನ ತಲೆಯ ಹಾಗೆಯೇ ಕೆಲಸ ಮಾಡುತ್ತಿತ್ತು. ಇದನ್ನು ಬರೆಯುವಾಗ ನನಗೆ ನನ್ನ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಕ್ಕನ ಅತ್ತೆ ಬಂದಳು, ಜೊತೆಗೆ ಅಕ್ಕನ ನಾದಿನಿ. ಹಿರಿಯಳು ಮುಂದೆ ಕೂರಬೇಕು. ಆಕೆ ಎಡಗಡೆ ಕಿಟಕಿಗೆ ಕೂತಳು. ನಡುವೆ ಕೂತ ಚಿಗವ್ವನ ಮೊಣಕಾಲು ನಾನು ಗೇರು ಹಾಕಿದಾಗಲೆಲ್ಲ ಕೈಗೆ ಬಡಿಯುತ್ತಿತ್ತು. ಬುಟ್ಟಿಯಾಕೆ, ನಾದಿನಿ, ಸೂಲಗಿತ್ತಿ, ಅವ್ವ ಎಲ್ಲರೂ ಹಿಂದೆ. ಕನ್ನಡಿಯಲ್ಲಿ ನೋಡಿದೆ. ಜಾಗ ಮಾಡಿಕೊಡಲು ಅಕ್ಕ ಎದ್ದು ಕೂತು, ಕಾಲು ಮಡಚಿಕೊಂಡು, ಮುಂದಿನ ಸೀಟಿನ ಬೆನ್ನಿಗೆ ಹಣೆ ಊರಿದ್ದಳು. ಅವಳ ಉಸಿರು ನನ್ನ ಕುತ್ತಿಗೆಗೆ ಬರುತ್ತಿತ್ತು.

ಬೇವಿನ ಮರ ಮತ್ತೆ ಬಂತು, ಹಿಂದೆ ಹೋಯಿತು. ಮುಂದೆ ಕಬ್ಬಿನ ಗಾಡಿಗಳ ಸಾಲು, ಕಣ್ಣು ಹಾಯುವವರೆಗೆ. ಎಲ್ಲವೂ ಹೊಸಪೇಟೆ ಕಡೆ ಮುಖ ಮಾಡಿ ನಿಂತಿದ್ದವು, ಯಾವುದೋ ಗಾಡಿಯ ಅಚ್ಚು ಮುರಿದು ರಸ್ತೆಗೆ ಕಬ್ಬು ಚೆಲ್ಲಿತ್ತು. ಎರಡು ತಾಸು ಮೊದಲು ಬಂದಿದ್ದರೆ ಆ ಅಚ್ಚು ಇನ್ನೂ ಗಟ್ಟಿಯಾಗಿರುತ್ತಿತ್ತು. ನಾನು ಕಾಲುವೆ ಏರಿಗೆ ಕಾರು ಹತ್ತಿಸಿದೆ. ನನಗೆ ಗೊತ್ತಿದ್ದ ದಾರಿ ಅದೊಂದೇ. ಅರ್ಧ ದಾರಿಗೆ ಎದುರಿಗೆ ಹುಲ್ಲು ತುಂಬಿದ ಟ್ರ್ಯಾಕ್ಟರು ಬಂತು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು ಹಿಂದಕ್ಕೆ ಹೋಗಲಾರದು. ಹಿಂದೆ ತೂಬಿನ ಹತ್ತಿರ ಏರಿ ಸ್ವಲ್ಪ ಅಗಲ ಇತ್ತು, ಅಲ್ಲಿವರೆಗೆ ನಾನೇ ಹೋಗಬೇಕು.

ಕನ್ನಡಿಯಲ್ಲಿ ಬರೀ ತಲೆಗಳು. "ಸ್ವಲ್ಪ ಕೆಳಗ ಇಳೀರಿ" ಎಂಬ ಮೂರು ಶಬ್ದ ನನ್ನ ಬಾಯಿಗೆ ಬರಲಿಲ್ಲ. ಅಕ್ಕನ ಅತ್ತೆಗೆ, "ಎಡಗಡೆ ಸ್ವಲ್ಪ ಬಗ್ಗಿ ನೋಡಿ ಹೇಳ್ರಿ, ಗಾಲಿಗೆ ಎಷ್ಟು ಜಾಗ ಐತಿ ಅಂತ" ಎಂದೆ. ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ನನಗೇನ್ ತಿಳೀತೈತವ್ವ, ನೀನ ನೋಡ್ಕೋ" ಎಂದಳು. ಅಕ್ಕ ಹಿಂದಿನಿಂದ ಏನೋ ಅಂದಳು. ಗೇಣು ಎಂದಳೋ, ನೋವಿಗೆ ನರಳಿದಳೋ ಇವತ್ತಿಗೂ ಗೊತ್ತಿಲ್ಲ. ನಾನು ಹಿಂದಕ್ಕೆ ತೆಗೆದೆ. ಎಡಗಡೆಯ ಹಿಂದಿನ ಗಾಲಿ ಏರಿಯಿಂದ ಜಾರಿತು. ಕಾರು ನೀರಿನ ಕಡೆ ವಾಲಿ ಹೊಟ್ಟೆಯ ಮೇಲೆ ಕೂತಿತು.

ಆಗ ಎಲ್ಲರೂ ಇಳಿದರು. ಯಾರೂ ಹೇಳಬೇಕಾಗಲಿಲ್ಲ.

ಟ್ರ್ಯಾಕ್ಟರಿನವರು ಹುಲ್ಲನ್ನು ಗದ್ದೆಗೆ ಕೆಡವಿದರು. ಆದರೆ ಟ್ರ್ಯಾಕ್ಟರು ತೂಬಿನ ಹತ್ತಿರದ ಅಗಲಕ್ಕೆ ಹೋಗಿ ಹೊಸಪೇಟೆ ಕಡೆ ತಿರುಗಲು ನಮ್ಮ ಕಾರೇ ಅಡ್ಡ. ಅವರೆಲ್ಲ ಸೇರಿ ಟ್ರೇಲರನ್ನು ಬಿಚ್ಚಿ, ಕೈಯಿಂದಲೇ ತಿರುಗಿಸಿ, ಗದ್ದೆಯಲ್ಲಿ ಇಂಜಿನ್ನನ್ನು ಸುತ್ತು ಹಾಕಿಸಿ ಮತ್ತೆ ಕಟ್ಟಿದರು. ನನ್ನ ಕೌದಿ ಹಾಸಿ ಅಕ್ಕನನ್ನು ಮಲಗಿಸಿದೆವು. ಇಳಿದವರೆಲ್ಲ ಟ್ರೇಲರಿಗೆ ಹತ್ತಿದರು, ಬುಟ್ಟಿಯಾಕೆಯೂ. ನಾನು ಅಕ್ಕನ ಪಾದ ಹಿಡಿದುಕೊಂಡು ಕೂತೆ. ಹೊಸಪೇಟೆ ಬರುವವರೆಗೂ ಅವು ತಣ್ಣಗಾಗುತ್ತ ಹೋದವು, ನಾನು ಉಜ್ಜುತ್ತ ಹೋದೆ.

ಆಸ್ಪತ್ರೆಯ ನರ್ಸಮ್ಮ ಅಕ್ಕನ ಕಣ್ಣಿನ ರೆಪ್ಪೆ ಎತ್ತಿ ನೋಡಿ, "ಎಲ್ಲಿಂದ ತಂದ್ರಿ? ನೋವು ಯಾವಾಗಿಂದ?" ಎಂದು ಕೇಳಿದಳು. ಬುಕ್ಕಸಾಗರ ಎಂದೆವು. "ಬುಕ್ಕಸಾಗರದಿಂದ ಇಲ್ಲಿಗೆ ಇಷ್ಟೊತ್ತಾ?" ಎಂದಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕನ ಅತ್ತೆ ಅಲ್ಲೇ ನಿಂತಿದ್ದಳು, ಪೂಜೆಯ ಕುಂಕುಮ ಹಣೆಯ ಮೇಲೆ ಇನ್ನೂ ಹಸಿಯಾಗಿತ್ತು. "ಕಬ್ಬಿನ ಗಾಡಿ ಅಡ್ಡ ಬಂದ್ವು" ಎಂದಳು ಚಿಗವ್ವ. ಅವ್ವ ತಲೆ ಆಡಿಸಿದಳು. ನಾನೂ.

ಕೂಸು ಒಳಗೇ ಹೋಗಿತ್ತು. ಸಂಜೆಯ ಹೊತ್ತಿಗೆ ಅಕ್ಕನೂ ಹೋದಳು. ಅವಳಿಗೆ ಇಪ್ಪತ್ಮೂರು. ಕಾರ್ಖಾನೆಯ ಮುಂದಿನಿಂದ ಅಪ್ಪ ಓಡಿ ಬಂದ. ಆಸ್ಪತ್ರೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಅವನು ಎರಡು ದಿನದಿಂದ ನಿಂತಿದ್ದ, ಕೈ ತುಂಬ ಕಬ್ಬಿನ ಗರಿ ಗೀರಿದ ಗಾಯ. ಏನಾಯಿತು ಎಂದು ಕೇಳಿದ. ಗಾಡಿಗಳು ಅಡ್ಡ ಬಂದವು ಎಂದು ಚಿಗವ್ವ ಅವನಿಗೂ ಅದನ್ನೇ ಹೇಳಿದಳು. ಅಷ್ಟರಲ್ಲಿ ಅದು ನಿಜವೇ ಆಗಿಬಿಟ್ಟಿತ್ತು. ಅಕ್ಕನ ಅತ್ತೆ ಅವ್ವನ ಕೈ ಹಿಡಿದು, "ನಮ್ಮನ್ನ ಕರಿಯಾಕ ಬಂದ್ರಿ, ಕೊನೀಗೆ ಮಾರಿ ನೋಡಿದಂಗ ಆತು, ಪುಣ್ಯ ಬರ್ಲಿ" ಎಂದು ಅತ್ತಳು. ಆಕೆ ಮನಸ್ಸಿನಿಂದಲೇ ಹೇಳಿದಳು. ಆ ಮಾತು ಕೇಳಿ ಅವ್ವನ ಮುಖ ಹೇಗಾಯಿತು ಎಂದು ನಾನು ಬರೆಯಲಾರೆ.

ಮರುವರ್ಷ ಅಪ್ಪ ಕಬ್ಬು ಹಾಕಲಿಲ್ಲ. ಊಟಕ್ಕೆ ಕೂತಾಗ ಒಮ್ಮೆ ತಾನಾಗಿ, "ನನ್ನ ಗಾಡಿನೂ ಆ ಪಾಳಿಯಾಗ ಇದ್ವು" ಎಂದ. ರಸ್ತೆಗೆ ಅಡ್ಡ ನಿಂತ ಗಾಡಿಗಳಲ್ಲಿ ತನ್ನವೂ ಸೇರಿದ್ದವು, ತನ್ನ ಕಬ್ಬೇ ಮಗಳನ್ನು ತಿಂದಿತು ಎಂದು ಅವನು ನಂಬಿದ್ದ. ಅವ್ವನೂ ನಾನೂ ತಟ್ಟೆ ನೋಡುತ್ತ ಕೂತೆವು. ತಪ್ಪು ಗಾಡಿಯದಲ್ಲ, ನಾವು ಕಂಪ್ಲಿಗೆ ಹೋಗಿದ್ದೆವು ಎಂದು ಅವ್ವ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುವುದಕ್ಕೆ ಆಮೇಲೆ ಎಂಟು ವರ್ಷ ಸಮಯವಿತ್ತು. ಅಪ್ಪ ಅದನ್ನು ಹೊತ್ತುಕೊಂಡೇ ಸತ್ತ. ನಮ್ಮ ಮನೆಯಲ್ಲಿ ಆದ ಎರಡನೇ ಅನ್ಯಾಯ ಅದು, ಅದಕ್ಕೆ ಅವಸರ, ಗಾಬರಿ ಎಂಬ ನೆಪವೂ ಇಲ್ಲ.

ಕಾರನ್ನು ಎತ್ತು ಕಟ್ಟಿ ಮೇಲೆ ಎಳೆದಿದ್ದರು. ನಾನು ಮತ್ತೆ ಮುಟ್ಟಲಿಲ್ಲ. ಅದು ಯಾವಾಗ ಯಾರ ಮನೆಗೆ ಹೋಯಿತೋ ಕೇಳಲೂ ಇಲ್ಲ. ನಾನು ಟೀಚರ್ ತರಬೇತಿ ಮುಗಿಸಿದೆ, ಹೊಸಪೇಟೆಯಲ್ಲಿ ಕೆಲಸ ಸಿಕ್ಕಿತು. ಮದುವೆಯ ಮಾತು ಬಂದಾಗಲೆಲ್ಲ ಏನೋ ಒಂದು ಕಾರಣ ಹೇಳಿದೆ. ಅಪ್ಪ ಹೋದ ಮೇಲೆ ಹೊಲವನ್ನು ಪಾಲಿಗೆ ಕೊಟ್ಟು ಅವ್ವ ನನ್ನ ಹತ್ತಿರ ಬಂದಳು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಊರಲ್ಲಿ ಆ ಸಣ್ಣ ಕಾರುಗಳು ಕಾಣತೊಡಗಿದವು. ನಮ್ಮ ಶಾಲೆಯ ಒಂದು ಮಗುವಿನ ತಂದೆ ಒಂದನ್ನು ತಂದಿದ್ದರು. ಒಂದು ಸಲ ಕೂತು ನೋಡುತ್ತೇನೆ ಎಂದೆ. ಕೌದಿ ಇಲ್ಲದೆ, ದಿಂಬು ಇಲ್ಲದೆ ಕೂತೆ. ರಸ್ತೆ ಕಂಡಿತು, ಕಾಲು ಎಟುಕಿತು. ಸುಮ್ಮನೆ ಎಡಗೈ ಚಾಚಿದೆ, ಬೆರಳಿಗೆ ಎಡಗಡೆಯ ಬಾಗಿಲು ಸಿಕ್ಕಿತು. ಕೂತಲ್ಲಿಂದಲೇ ಎಡಗಡೆಯ ರಸ್ತೆಯ ಅಂಚು ಕಾಣುತ್ತಿತ್ತು, ಅದರ ಮೇಲಿನ ಹುಲ್ಲಿನ ಸಮೇತ. ಯಾರೂ ಹೇಳಬೇಕಾಗಿರಲಿಲ್ಲ. ಆ ಮನುಷ್ಯ, "ಭಾಳ ಸಣ್ಣದ್ರಿ ಮೇಡಂ, ನಾಕ ಮಂದಿ ಕುಂತ್ರ ಮುಗೀತು" ಎಂದು ಸಂಕೋಚದಿಂದ ಹೇಳಿದರು. ನಾನು ಇನ್ನೊಮ್ಮೆ ಕೈ ಚಾಚಿ ಆ ಬಾಗಿಲನ್ನು ಮುಟ್ಟಿ ನೋಡಿದೆ. ಅಂಥದ್ದೇ ಒಂದನ್ನು ತರುವವರೆಗೆ ನನಗೆ ಸಮಾಧಾನವಿರಲಿಲ್ಲ.

ಆದರೆ ನಮ್ಮ ಮಂದಿ ಸಣ್ಣ ಕಾರಿಗೂ ಸೋಲಲಿಲ್ಲ. ತಿಂಗಳೊಳಗೆ ಅದರ ಕಿಟಕಿಯಿಂದಲೂ ಬಗ್ಗಿ ನೋಡಿ ಜಾಗ ಐತಲ್ಲ ಎನ್ನತೊಡಗಿದರು. ಆ ಮಾತು ಕೇಳಿದರೆ ನನಗೆ ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಆಗಲೂ ಏಳಲಿಲ್ಲ, ಈಗಲೂ ಏಳುವುದಿಲ್ಲ. ಅದಕ್ಕೆ ಒಂದು ಉಪಾಯ ಮಾಡಿಕೊಂಡೆ. ಹಿಂದಿನ ಸೀಟಿನ ಮೇಲೆ ಯಾವಾಗಲೂ ಶಾಲೆಯ ನೋಟ್‌ಪುಸ್ತಕಗಳ ಗಂಟು ಇಟ್ಟೆ, ಒಂದರ ಮೇಲೊಂದು, ಕಿಟಕಿಯವರೆಗೆ. ಬಗ್ಗಿ ನೋಡಿದವರು ತಾವಾಗಿಯೇ ಹಿಂದೆ ಸರಿಯುತ್ತಿದ್ದರು.

ತೊಂಬತ್ತರ ದಶಕದ ಒಂದು ಬೇಸಿಗೆ. ಚಿಗವ್ವನ ಮೊಮ್ಮಗನಿಗೆ ಹೆಸರಿಡುವ ಶಾಸ್ತ್ರಕ್ಕೆ ಅವ್ವನನ್ನು ಬುಕ್ಕಸಾಗರಕ್ಕೆ ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನ ಊಟ ಮುಗಿಸಿ ಹೊರಟಾಗ ಇಬ್ಬರು ಮೂವರು ಬಂದು ಹಿಂದಿನ ಸೀಟು ನೋಡಿ, ಮುಖ ಸಣ್ಣದು ಮಾಡಿಕೊಂಡು, ಬಸ್ಸಿಗೇ ಹೋಗ್ತೀವಿ ಬಿಡ್ರಿ ಎಂದರು. ಅವ್ವ ಮುಂದೆ ಎಡಗಡೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಬೇವಿನ ಮರದ ಹತ್ತಿರ ಬಂದಾಗ, "ನಿಲ್ಲಸು" ಎಂದಳು. ನಿಲ್ಲಿಸಿದೆ.

"ಹಿಂದ ಆ ಪುಸ್ತಕದ ಗಂಟು ಯಾಕ?"

"ಸಾಲಿವು ಅವ್ವ. ತಿದ್ದಬೇಕು."

"ಸಾಲಿ ಸೂಟಿ ಬಿಟ್ಟು ತಿಂಗಳಾತು. ನನಗ ಸುಳ್ಳು ಹೇಳಬ್ಯಾಡ."

ಇಂಜಿನ್ ಓಡುತ್ತಿತ್ತು. ಅವ್ವ ಎಡಕ್ಕೆ, ಕಂಪ್ಲಿ ಕಡೆಯ ರಸ್ತೆ ನೋಡಿದಳು. ಸುಮಾರು ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ಎಷ್ಟು ಸಲ ಆ ಮರ ದಾಟಿದ್ದೇವೋ, ಪ್ರತಿ ಸಲವೂ ಅಲ್ಲಿ ಯಾವುದಾದರೂ ಬೇರೆ ಮಾತು ಹುಡುಕಿಕೊಳ್ಳುತ್ತಿದ್ದೆವು.

"ಅವತ್ತ ಎಡಕ್ಕ ತಗೋ ಅಂದಾಕಿ ನಾನು" ಎಂದಳು.

"ಈಗ್ಯಾಕವ್ವ ಆ ಮಾತು."

"ಅಂದಾಕಿ ನಾನು, ಇಲ್ಲ ಅನ್ನಂಗಿಲ್ಲ. ನಿಮ್ಮಪ್ಪಗ ಹೇಳಲಿಲ್ಲ, ಅದೂ ನನ್ನ ತಪ್ಪು. ನನ್ನ ಮಗಳು ತೊಡಿ ಮ್ಯಾಲೆ ಒದ್ದಾಡಕತ್ತಿದ್ಲು, ನನಗ ದಿಕ್ಕ ತೋಚಲಿಲ್ಲ." ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವವರು ಕೇಳುವಂತೆ ಕೇಳಿದಳು. "ನಿನಗ ಗೊತ್ತಿತ್ತಲ್ಲ, ಹೊತ್ತಾಗತೈತಿ ಅಂತ?"

"ಗೊತ್ತಿತ್ತು."

"ಮತ್ತ ಬ್ಯಾಡ ಅಂತ ಯಾಕ ಅನ್ನಲಿಲ್ಲ? ಸ್ಟೇರಿಂಗ್ ನಿನ್ನ ಕೈಯಾಗ ಇತ್ತಲ್ಲ ಮಗಳ."

ಇಷ್ಟು ವರ್ಷ ನಾನು ಅವ್ವನನ್ನು ಕ್ಷಮಿಸಿದ್ದೇನೆ ಎಂದುಕೊಂಡಿದ್ದೆ. ಒಳ್ಳೆಯ ಮಗಳು, ತಾಯಿಯ ತಪ್ಪನ್ನು ಎತ್ತಿ ಆಡದವಳು ಎಂದು ನನ್ನ ಬಗ್ಗೆ ನನಗೆ ಒಳಗೊಳಗೇ ಒಂದು ಗೌರವವಿತ್ತು. ಅವಳೂ ಅಷ್ಟೇ ವರ್ಷ ನನ್ನನ್ನು ಕೇಳಬೇಕೆಂದು ಕಾದಿದ್ದಳು. ನಾನು ಉತ್ತರ ಹುಡುಕಿದೆ. ಹೆದರಿದ್ದೆ ಎನ್ನಬಹುದಿತ್ತು, ಸಣ್ಣವಳಿದ್ದೆ ಎನ್ನಬಹುದಿತ್ತು. ಯಾವುದೂ ಪೂರ್ತಿ ಖರೆಯಲ್ಲ. ಬಾಯಿಗೆ ಬಂದದ್ದು ಒಂದೇ ಮಾತು.

"ಜಾಗ ಇತ್ತವ್ವ" ಎಂದೆ.

ಹಿಂದೆ ಬಂದು ನಿಂತ ಬಸ್ಸು ಹಾರ್ನ್ ಹೊಡೆಯಿತು. ನಾನು ಗೇರು ಹಾಕಿ, ಎರಡು ಬೆರಳಲ್ಲಿ ಸ್ಟೇರಿಂಗ್ ತಿರುಗಿಸಿ, ಬಲಕ್ಕೆ, ಹೊಸಪೇಟೆ ಕಡೆಗೆ ಹೊರಟೆ. ಕಾರು ಒಂದೇ ಸಲಕ್ಕೆ ತಿರುಗಿತು.